ಥಲಸ್ಸೀಮಿಯಾ ಇರುವ ದೊಡ್ಡವರಿಗೆ ರಕ್ತ ಏರಿಸುವ ದಿನದ ಲೆಕ್ಕಾಚಾರ

ಥಲಸ್ಸೀಮಿಯಾ ಮೇಜರ್ (ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ, ಜೀವನಪೂರ್ತಿ ರಕ್ತ ಏರಿಸಿಕೊಳ್ಳಬೇಕಾದ ಆನುವಂಶಿಕ ಕಾಯಿಲೆ) ಇರುವವರಿಗೆ ಹದಿನೆಂಟು ದಾಟುತ್ತಿದ್ದಂತೆ ಆಸ್ಪತ್ರೆಯ ಬಾಗಿಲೇ ಬದಲಾಗುತ್ತದೆ. ಮಕ್ಕಳ ಡೇಕೇರ್‌ನಲ್ಲಿದ್ದಾಗ ಯಾವ ಕೈಯಲ್ಲಿ ನರ ಸಿಗುತ್ತದೆ ಎಂಬುದೂ ಸಿಸ್ಟರ್‌ಗೆ ಬಾಯಿಪಾಠವಾಗಿರುತ್ತದೆ. ದೊಡ್ಡವರ ವಾರ್ಡಿನಲ್ಲಿ ನೀವು ಬರೀ ‘ಅನೀಮಿಯಾ ಕೇಸ್’. ಅಲ್ಲಿನ ಡ್ಯೂಟಿ ಡಾಕ್ಟರ್ ತಲೆಯಲ್ಲಿರುವುದು ಬೇರೆ ರೋಗಿಗಳ ನಿಯಮ: ಹಿಮೋಗ್ಲೋಬಿನ್ 7ಕ್ಕಿಂತ ಇಳಿದರೆ ಮಾತ್ರ ರಕ್ತ. ಆ ನಿಯಮ ನಿಮಗಲ್ಲ. ಅದನ್ನು ವಾದ ಮಾಡಿ ಗೆಲ್ಲುವುದಕ್ಕಿಂತ ಕೈಯಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ತೋರಿಸುವುದು ಸುಲಭ. ಅದರಲ್ಲಿ ಏನೇನು ಬರೆಯಬೇಕು ಎಂಬುದನ್ನು ಮುಂದೆ ಹೇಳುತ್ತಾ ಹೋಗುತ್ತೇವೆ.

ಗುರಿ: ಏರಿಸುವ ಮುಂಚಿನ ಅಂಕಿ

ರಕ್ತ ಏರಿಸಿದ ಮೇಲೆ ಎಷ್ಟಾಯಿತು ಎಂದು ಎಲ್ಲರೂ ಕೇಳುತ್ತಾರೆ. ಮುಖ್ಯವಾದದ್ದು ಏರಿಸುವ ಮುಂಚೆ ಎಷ್ಟಿತ್ತು ಎಂಬುದು. ಆ ಹಿಮೋಗ್ಲೋಬಿನ್ ಅಂಕಿ ಡೆಸಿಲೀಟರಿಗೆ 9.5ರಿಂದ 10.5 ಗ್ರಾಂ ಇರಬೇಕು. ಹೃದಯದ ತೊಂದರೆ ಇದ್ದವರಿಗೆ 11–12. ಇದಕ್ಕಿಂತ ಕೆಳಗಿಳಿದರೆ ನಿಮ್ಮ ಅಸ್ಥಿಮಜ್ಜೆ ಪ್ರಯೋಜನಕ್ಕೆ ಬಾರದ ಕೆಂಪುಕಣ ತಯಾರಿಸಲು ಹೆಣಗುತ್ತದೆ, ಮೂಳೆ ತೆಳ್ಳಗಾಗುತ್ತದೆ, ಕರುಳು ಊಟದಿಂದ ಹೆಚ್ಚು ಕಬ್ಬಿಣ ಹೀರುತ್ತದೆ. ‘ಸುಸ್ತಾದಾಗ ಹೋದರಾಯಿತು’ ಎನ್ನುವವರು ಈ ನಷ್ಟವನ್ನು ಗಮನಿಸುವುದಿಲ್ಲ. 8ಕ್ಕೂ ದೇಹ ಒಗ್ಗಿಕೊಳ್ಳುತ್ತದೆ, ಸುಸ್ತು ಗೊತ್ತಾಗುವುದೇ ಇಲ್ಲ. ಏರಿಸಿದ ಮೇಲಿನ ಅಂಕಿ 14–15 ದಾಟುವುದೂ ಬೇಡ.

ಎಷ್ಟು ಬೇಕು? ಏರಬೇಕಾದ ಗ್ರಾಂ × ತೂಕ × 3, ಅದನ್ನು ಚೀಲದ ಹಿಮಟೋಕ್ರಿಟ್‌ನಿಂದ (ಚೀಲದಲ್ಲಿ ಕೆಂಪುಕಣದ ಪಾಲು) ಭಾಗಿಸಿ. 50 ಕಿಲೋ ತೂಕದವರಿಗೆ 2 ಗ್ರಾಂ ಏರಬೇಕು, ಚೀಲದ ಹಿಮಟೋಕ್ರಿಟ್ 0.6 ಎಂದಿಟ್ಟುಕೊಳ್ಳಿ: 300 ಭಾಗಿಸು 0.6, ಅಂದರೆ 500 ಮಿ.ಲೀ. 250 ಮಿ.ಲೀ.ಯ ಎರಡು ಪಿಸಿವಿ (ಪ್ಲಾಸ್ಮಾ ತೆಗೆದು ಉಳಿಸಿದ ಕೆಂಪುಕಣ) ಚೀಲ. ವಾರಕ್ಕೆ ಸುಮಾರು 1 ಗ್ರಾಂ ಇಳಿಯುತ್ತದೆ, ಹಾಗಾಗಿ ಇವರು ಎರಡು ವಾರಕ್ಕೊಮ್ಮೆ ಬರಬೇಕು. ಕೆಲಸಕ್ಕೆ ರಜೆ ಸಿಗುವುದಿಲ್ಲವೆಂದು ನಾಲ್ಕು ವಾರಕ್ಕೊಮ್ಮೆ ನಾಲ್ಕು ಚೀಲ ಏರಿಸಿಕೊಳ್ಳುವವರಿದ್ದಾರೆ. ಕೊನೆಯ ಎರಡು ವಾರ ಅಂಕಿ ಪಾತಾಳಕ್ಕಿಳಿದಿರುತ್ತದೆ, ಒಂದೇ ದಿನ ಅಷ್ಟು ಏರಿಸಿದರೆ ಹೃದಯಕ್ಕೂ ಭಾರ.

ಎರಡು ದಿನ ಮುಂಚೆ: ಸ್ಯಾಂಪಲ್

ಕ್ರಾಸ್‌ಮ್ಯಾಚ್‌ಗೆ (ದಾನಿಯ ರಕ್ತ ನಿಮ್ಮದಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಕೊಟ್ಟ ಸ್ಯಾಂಪಲ್ 72 ಗಂಟೆಯೊಳಗಿನದಾಗಿರಬೇಕು. ಮುಂಬಯಿಯ ಹೊರವಲಯದ ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಪರೇಲಿನ, ಸಯನ್‌ನ ಆಸ್ಪತ್ರೆಗಳಿಗೆ ಎರಡು ಸಲ ಓಡಾಡುವ ಕಷ್ಟ ಗೊತ್ತಿರುವುದೇ. ಆದರೂ ಸ್ಯಾಂಪಲ್ ಮೊದಲೇ ಕೊಟ್ಟರೆ ಆ ದಿನ ಬೆಳಿಗ್ಗೆ ಚೀಲ ಸಿದ್ಧವಿರುತ್ತದೆ. ಇಲ್ಲದಿದ್ದರೆ ಸಂಜೆಯ ಗರ್ದಿ ಗಾಡಿಯೇ ಗತಿ. ಟ್ಯೂಬಿನ ಮೇಲೆ ಹೆಸರು, ನೋಂದಣಿ ಸಂಖ್ಯೆಯನ್ನು ನಿಮ್ಮ ಮುಂದೆಯೇ ಬರೆಯಲಿ. ತಪ್ಪು ಗುಂಪಿನ ರಕ್ತ ಏರುವ ಅನಾಹುತಕ್ಕೆ ಲ್ಯಾಬಷ್ಟೇ ಅಲ್ಲ, ಟ್ಯೂಬಿನ ಚೀಟಿಯೂ ಕಾರಣವಾಗುತ್ತದೆ.

ಪ್ರತಿ ಸಲವೂ ಆಂಟಿಬಾಡಿ ಸ್ಕ್ರೀನ್ (ದಾನಿಯ ಕಣಗಳ ವಿರುದ್ಧ ನಿಮ್ಮ ದೇಹ ಪ್ರತಿಕಾಯ ಹುಟ್ಟಿಸಿದೆಯೇ ಎಂಬ ಪರೀಕ್ಷೆ) ಆಗಲಿ. ನೂರಾರು ದಾನಿಗಳ ರಕ್ತ ಕಂಡ ದೇಹ ಯಾವ ಸಲ ತಕರಾರು ತೆಗೆಯುತ್ತದೋ ಹೇಳಲಾಗದು. ಎಬಿಓ, ಆರ್‌ಎಚ್-ಡಿ (ಎ, ಬಿ, ಓ ಗುಂಪು ಮತ್ತು ಅದರ ಪಾಸಿಟಿವ್, ನೆಗೆಟಿವ್) ಹೊಂದಿದರೆ ಸಾಲದು. ದೊಡ್ಡ ಸಿ, ಚಿಕ್ಕ ಸಿ, ದೊಡ್ಡ ಇ, ಚಿಕ್ಕ ಇ, ಕೆಲ್ ಎಂಬ ಕೆಂಪುಕಣದ ಉಪಗುರುತುಗಳೂ ಹೊಂದಬೇಕು. ಇವುಗಳ ಪಟ್ಟಿಯೇ ನೋಟ್‌ಬುಕ್ಕಿನ ಮೊದಲ ಪುಟ. ಚಿಕ್ಕಂದಿನಲ್ಲಿ ಮಾಡಿಸಿರದಿದ್ದರೆ ಈಗ ಸಾಮಾನ್ಯ ಪರೀಕ್ಷೆ ನಂಬುವಂತಿಲ್ಲ. ನಿಮ್ಮ ನಾಳದಲ್ಲಿರುವುದು ಬಹುಪಾಲು ದಾನಿಗಳ ಕಣ. ಡಿಎನ್ಎ ಪರೀಕ್ಷೆಯೇ ಬೇಕು. ಇದರ ಬಗ್ಗೆ ವಿಚಾರಿಸಲು ಮುಂಬಯಿಯಲ್ಲಿ ಪರೇಲಿನ ಕೆಇಎಂ ಆಸ್ಪತ್ರೆ ಆವರಣದಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಿದೆ. ಒಮ್ಮೆ ಆಂಟಿಬಾಡಿ ಸಿಕ್ಕರೆ ಅದರ ಹೆಸರು ಕೆಂಪು ಅಕ್ಷರದಲ್ಲಿ ಬರೆದಿಡಿ. ವರ್ಷಗಳ ಮೇಲೆ ಅದು ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಬಹುದು, ಹೊಂದದ ರಕ್ತ ಏರಿದ ಕೂಡಲೇ ಮತ್ತೆ ಏಳುತ್ತದೆ.

ಎಂಥ ಚೀಲ ಕೇಳಬೇಕು

ಎರಡು ವಾರಕ್ಕಿಂತ ಹಳೆಯದಲ್ಲದ, ಬಿಳಿಕಣ ತೆಗೆದ ಪಿಸಿವಿ. ಬಿಳಿಕಣವನ್ನು ಬ್ಲಡ್ ಬ್ಯಾಂಕಿನಲ್ಲೇ ಸೋಸಿದ್ದರೆ ಉತ್ತಮ. ಮಂಚದ ಪಕ್ಕ ಹಾಕುವ ಫಿಲ್ಟರ್ ಎರಡನೆಯ ಆಯ್ಕೆ. ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಫಿಲ್ಟರ್ ಹಾಕಿದಾಗ ಬಿಪಿ ಥಟ್ಟನೆ ಕುಸಿಯುವುದುಂಟು, ಮೊದಲೇ ಹೇಳಿ.

ತಮ್ಮನದೋ ಅಣ್ಣನದೋ ರಕ್ತ ಒಂದೇ ಗುಂಪೆಂದು ಕರೆತರುವುದು ನಮ್ಮವರಲ್ಲಿ ಈಗಲೂ ಇದೆ. ಬೇಡ. ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳು ನಿಮ್ಮ ದೇಹದಲ್ಲಿ ಬೇರೂರಿ ನಿಮ್ಮ ಮೇಲೆಯೇ ತಿರುಗಿಬೀಳುವ ಅಪಾಯ ಚಿಕ್ಕದಾದರೂ ಪ್ರಾಣಾಂತಿಕ. ತಮ್ಮ ಬೇರೆಯವರಿಗಾಗಿ ಕೊಡಲಿ. ಬದಲಿ ದಾನಿಯನ್ನು ತನ್ನಿ ಎಂದು ಥಲಸ್ಸೀಮಿಯಾದವರನ್ನು ಸತಾಯಿಸುವಂತಿಲ್ಲ. ಅವರಿಗೆ ಪ್ರೊಸೆಸಿಂಗ್ ಶುಲ್ಕವಿಲ್ಲದೆ ರಕ್ತ ಕೊಡಬೇಕೆಂಬುದು ಸರಕಾರದ ನೀತಿ. ಗುರುತಿನ ಚೀಟಿ ಜೊತೆಗಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿದೆ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡನ್ನೂ ಮಾಡಿಸಿಕೊಳ್ಳಬಹುದು.

ಮಂಚದ ಪಕ್ಕ

ಚೀಲ ಬಂದಾಗ ಮೊದಲು ನೀವೇ ನೋಡಿ. ಗುಂಪು, ಚೀಲದ ಸಂಖ್ಯೆ, ಕೊನೆಯ ದಿನಾಂಕ ಕ್ರಾಸ್‌ಮ್ಯಾಚ್ ಚೀಟಿಯ ಜೊತೆ ತಾಳೆಯಾಗಬೇಕು. ಗಡ್ಡೆ, ಸೋರಿಕೆ, ಕಪ್ಪು ನೇರಳೆ ಬಣ್ಣ ಕಂಡರೆ ವಾಪಸ್. ಸಿಸ್ಟರ್ ‘ನಿಮ್ಮ ಹೆಸರು ಇಂಥದ್ದಲ್ಲವೇ?’ ಎಂದು ಕೇಳಿದರೆ ಹೂಂ ಅನ್ನಬೇಡಿ, ಹೆಸರನ್ನು ನೀವಾಗಿ ಹೇಳಿ. ಒಂದೇ ಅಡ್ಡಹೆಸರಿನ ಇಬ್ಬರು ಶೆಟ್ಟರು ಒಂದೇ ವಾರ್ಡಿನಲ್ಲಿರುವುದು ಮುಂಬಯಿಯಲ್ಲಿ ಅಪರೂಪವೇನಲ್ಲ.

ಚೀಲ ಫ್ರಿಜ್‌ನಿಂದ ಹೊರಬಂದ ಅರ್ಧ ಗಂಟೆಯೊಳಗೆ ಶುರುವಾಗಬೇಕು, 4 ಗಂಟೆಯೊಳಗೆ ಮುಗಿಯಬೇಕು. ಆದ್ದರಿಂದ ಎರಡೂ ಚೀಲ ಒಟ್ಟಿಗೆ ತರಿಸಬೇಡಿ. ರಕ್ತದ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಕೂಡದು: ಡೆಕ್ಸ್‌ಟ್ರೋಸ್‌ನಲ್ಲಿ ಕಣ ಒಡೆಯುತ್ತವೆ, ರಿಂಗರ್ ಲ್ಯಾಕ್ಟೇಟ್‌ನ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟುತ್ತದೆ.

ವೇಗದ ಲೆಕ್ಕವೂ ಸರಳ. ರಕ್ತ ಏರಿಸುವ ನಳಿಗೆಯ ಸೆಟ್ಟಿನ ಪೊಟ್ಟಣದ ಮೇಲೆ ಎಷ್ಟು ಹನಿಗೆ 1 ಮಿ.ಲೀ. ಎಂದು ಬರೆದಿರುತ್ತದೆ. 20 ಎಂದಿದ್ದರೆ, 250 ಮಿ.ಲೀ. ಚೀಲ 3 ಗಂಟೆಯಲ್ಲಿ ಮುಗಿಯಲು ನಿಮಿಷಕ್ಕೆ ಸುಮಾರು 28 ಹನಿ. ಮೊದಲ 15 ನಿಮಿಷ ಇನ್ನೂ ನಿಧಾನ. ಕೆಟ್ಟ ರಿಯಾಕ್ಷನ್‌ಗಳು ಸಾಮಾನ್ಯವಾಗಿ ಆಗಲೇ ತಲೆಯೆತ್ತುತ್ತವೆ. ಗಂಟೆಗೆ ಕಿಲೋಗೆ 5 ಮಿ.ಲೀ. ಮೇಲಿನ ಮಿತಿ, ಹೃದಯ ದುರ್ಬಲವಾದವರಿಗೆ 2 ಮಿ.ಲೀ. ಮನೆಗೆ ಬೇಗ ಹೋಗಬೇಕೆಂದು ಹನಿಯ ವೇಗದ ಚಕ್ರ ತಾವೇ ತಿರುಗಿಸಿಕೊಳ್ಳುವ ಹಳೆಯ ಹುಲಿಗಳು ಇದನ್ನು ಗಮನಿಸಬೇಕು.

ಪ್ರತಿ ಸಲ ಕಣ್ಣುಮುಚ್ಚಿ ಅವಿಲ್ (ಅಲರ್ಜಿಯ ಔಷಧಿ), ಹೈಡ್ರೊಕಾರ್ಟಿಸೋನ್ (ಸ್ಟೆರಾಯ್ಡ್) ಚುಚ್ಚುವ ರೂಢಿ ನಮಗೆ ಸರಿಕಾಣುವುದಿಲ್ಲ. ಹಿಂದೆ ರಿಯಾಕ್ಷನ್ ಆಗಿದ್ದವರಿಗೆ ಸರಿ. ಉಳಿದವರಿಗೆ ವರ್ಷಕ್ಕೆ ಇಪ್ಪತ್ತನಾಲ್ಕು ಸಲ ಸ್ಟೆರಾಯ್ಡ್ ಎಂದರೆ ಮೊದಲೇ ತೆಳ್ಳಗಿರುವ ಮೂಳೆಗೂ, ಸಕ್ಕರೆಗೂ ಕೆಡುಕು.

ಏನಾದರೂ ಎಡವಟ್ಟಾದರೆ

ಚಳಿ ಜ್ವರ, ಸೊಂಟನೋವು, ಎದೆ ಬಿಗಿತ, ಉಸಿರುಗಟ್ಟುವಿಕೆ, ಕಂದು ಮೂತ್ರ: ಇವುಗಳಲ್ಲಿ ಯಾವುದಾದರೂ ಕಂಡರೆ ಮೊದಲು ಚಕ್ರ ಮುಚ್ಚಿ, ಆಮೇಲೆ ಕೂಗಿ. ಸೂಜಿ ತೆಗೆಯಬಾರದು, ಸೆಟ್ ಬದಲಿಸಿ ಸಲೈನ್ ಓಡಿಸಬೇಕು. ಚೀಲ ಕಸಕ್ಕೆ ಹೋಗಕೂಡದು, ಹೊಸ ಸ್ಯಾಂಪಲ್ ಜೊತೆ ಬ್ಲಡ್ ಬ್ಯಾಂಕಿಗೆ ಹೋಗಬೇಕು. ಬರೀ ತುರಿಕೆಯ ದದ್ದಾದರೆ ಔಷಧಿ ಕೊಟ್ಟು ಮುಂದುವರಿಸಬಹುದು.

ಇನ್ನೊಂದು ಬಗೆ ಮನೆಯಲ್ಲಿ ಕಾಣಿಸಿಕೊಳ್ಳುವಂಥದ್ದು. ರಕ್ತ ಏರಿಸಿದ 5ರಿಂದ 14 ದಿನದೊಳಗೆ ಕಣ್ಣು ಹಳದಿ, ಮೂತ್ರ ಗಾಢ, ಸುಸ್ತು. ಕಾಮಾಲೆ ಎಂದು ನೆಲನೆಲ್ಲಿ ಅರೆಯುತ್ತಾ ಕೂರಬೇಡಿ. ಹೊಸ ಆಂಟಿಬಾಡಿ ಹುಟ್ಟಿರಬಹುದು, ಮುಂದಿನ ಚೀಲ ಏರಿಸುವ ಮುಂಚೆ ಅದು ಪತ್ತೆಯಾಗಬೇಕು.

ವರ್ಷದ ಕೊನೆಯ ಕೂಡುವಿಕೆ

ಅದೇ 50 ಕಿಲೋದವರು, ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಸಲ, ಸಲಕ್ಕೆ 500 ಮಿ.ಲೀ: 12,000 ಮಿ.ಲೀ. ಹಿಮಟೋಕ್ರಿಟ್ 0.6ರಿಂದ ಗುಣಿಸಿದರೆ ಅದರಲ್ಲಿ ಶುದ್ಧ ಕೆಂಪುಕಣ 7,200 ಮಿ.ಲೀ. ತೂಕದಿಂದ ಭಾಗಿಸಿದರೆ ಕಿಲೋಗೆ 144. ಈ ಅಂಕಿ 200 ದಾಟಿ ಏರುತ್ತಿದ್ದರೆ ಗುಲ್ಮ (ಸ್ಪ್ಲೀನ್) ಕಣಗಳನ್ನು ನುಂಗುತ್ತಿದೆಯೇ, ಆಂಟಿಬಾಡಿ ಇದೆಯೇ ಎಂದು ನೋಡಬೇಕು.

1 ಮಿ.ಲೀ. ಶುದ್ಧ ಕಣದಲ್ಲಿ 1.08 ಮಿ.ಗ್ರಾಂ ಕಬ್ಬಿಣ. 7,200ಕ್ಕೆ ವರ್ಷಕ್ಕೆ ಏಳೂಮುಕ್ಕಾಲು ಗ್ರಾಂ, ದಿನಕ್ಕೆ ಸುಮಾರು 21 ಮಿ.ಗ್ರಾಂ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಹೆಚ್ಚೆಂದರೆ ಒಂದೆರಡು ಮಿ.ಗ್ರಾಂ. ಉಳಿದದ್ದು ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಜಮೆ. ಕಬ್ಬಿಣ ಇಳಿಸುವ ಮಾತ್ರೆ ಒಂದು ವಾರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಫೆರಿಟಿನ್ (ಕೂಡಿಟ್ಟ ಕಬ್ಬಿಣದ ರಕ್ತಪರೀಕ್ಷೆ) 3 ತಿಂಗಳಿಗೊಮ್ಮೆ, ಕಬ್ಬಿಣ ಅಳೆಯುವ ಹೃದಯದ ಟಿ2ಸ್ಟಾರ್ ಎಂಆರ್‌ಐ ವರ್ಷಕ್ಕೊಮ್ಮೆ. ಟಿ2ಸ್ಟಾರ್ ಅಂಕಿ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಕೂತಿದೆ, 10ಕ್ಕಿಂತ ಕಡಿಮೆಯಾದರೆ ತಡಮಾಡುವಂತಿಲ್ಲ. ಕಬ್ಬಿಣ ಇಳಿಸುವ ಮಾತ್ರೆಗಳಲ್ಲಿ ಡೆಫೆರಿಪ್ರೋನ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಆ ಗಳಿಗೆಯೇ ಮಾತ್ರೆ ನಿಲ್ಲಿಸಿ ಬಿಳಿಕಣ ಎಣಿಸಬೇಕು. ಡೆಫೆರಸಿರಾಕ್ಸ್‌ನವರಿಗೆ ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ). ಅಂದಹಾಗೆ, ಸಕ್ಕರೆ ಕಾಯಿಲೆಗೆ ಮಾಡಿಸುವ ಎಚ್‌ಬಿಎ1ಸಿ ನಿಮಗೆ ನಂಬಿಕೆಗರ್ಹವಲ್ಲ, ಅದು ದಾನಿಗಳ ಸಕ್ಕರೆಯನ್ನೂ ಎಣಿಸುತ್ತದೆ.

ರಜೆಯ ತಿಂಗಳುಗಳು

ಮೇ ತಿಂಗಳಲ್ಲಿ ಕಾಲೇಜು ಮುಚ್ಚಿ ದಾನಿಗಳು ಊರು ಸೇರಿದಾಗ, ದೀಪಾವಳಿಯ ರಜೆಯಲ್ಲಿ, ಮುಂಬಯಿ, ಪುಣೆ ಎರಡೂ ಕಡೆ ಚೀಲಕ್ಕೆ ತತ್ವಾರ. ಆ ತಿಂಗಳ ದಿನಾಂಕಗಳನ್ನು ಮೊದಲೇ ಬ್ಲಡ್ ಬ್ಯಾಂಕಿಗೆ ಕೊಟ್ಟಿಡಿ. ಇ-ರಕ್ತಕೋಶ್ ಜಾಲತಾಣದಲ್ಲಿ ಎಲ್ಲೆಲ್ಲಿ ದಾಸ್ತಾನಿದೆ ಎಂದು ನೋಡಬಹುದು. ನೀವೇ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟಿದ್ದರೆ ಹೊರಡುವ ಎರಡು ದಿನ ಮುಂಚೆ ರಕ್ತ ಏರಿಸಿಕೊಳ್ಳಿ. ನೋಟ್‌ಬುಕ್ಕಿನ ಮೊದಲ ಪುಟದ ಫೋಟೊ ಮೊಬೈಲಿನಲ್ಲೂ, ಜೊತೆಗೆ ಬರುವವರ ಮೊಬೈಲಿನಲ್ಲೂ ಇರಲಿ. ಮಾತ್ರೆಯ ಡಬ್ಬಿಯನ್ನು ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿಡದೆ ಹೆಗಲ ಚೀಲದಲ್ಲೇ ಇಟ್ಟುಕೊಳ್ಳಿ.