ಅಪ್ಪ, ಅಮ್ಮ ಮತ್ತು ಜೆಟ್ಟಿನ ಮಳೆ

ಕಳೆದ ಫೆಬ್ರವರಿಯಲ್ಲಿ ನಾನು 14 ನಿಮಿಷದ ಒಂದು ಕಿರುಚಿತ್ರ ಮಾಡಿದೆ. ನಟರು ಇಬ್ಬರೇ, ನಮ್ಮ ಅಪ್ಪ ಮತ್ತು ಅಮ್ಮ. ಜಾಗ ಸೋಮವಾರಪೇಟೆ ಹತ್ತಿರದ ನಮ್ಮ ಮನೆಯ ಕಾಫಿ ಕಣ. ಕ್ಯಾಮೆರಾ ನನ್ನ ಫೋನು. ಕಥೆ ಇಷ್ಟೇ: ಕಣದಲ್ಲಿ ಒಣಗೋಕೆ ಕಾಫಿ ಹರವಿದೆ. ಮಳೆ ಬರ್ತದೆ ಅಂತ ಅಮ್ಮ. ಬರಲ್ಲ ಅಂತ ಅಪ್ಪ, ಯಾಕಂದ್ರೆ ಫೋನಿನಲ್ಲಿ ಸೂರ್ಯನ ಚಿತ್ರ ಇದೆ. ಟಾರ್ಪಾಲು ಹೊದಿಸಬೇಕಾ ಬೇಡವಾ ಅಂತ ಇಡೀ ದಿನ ಜಗಳ.

ಮೊದಲು ಬರೆದದ್ದು ಬೇರೆಯೇ ಇತ್ತು. ಅದರಲ್ಲಿ ಅಪ್ಪನಿಗೆ ಕಿವಿ ಮಂದ, ಅಮ್ಮನಿಗೆ ಇಂಗ್ಲಿಷ್ ಬರಲ್ಲ, ನಡುವೆ ಎರಡು ಡಬಲ್ ಮೀನಿಂಗ್. ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದೆ. ಥಿಯೇಟರಿಗೆ ಹೋಗೋ ಸಿನಿಮಾ ಅಲ್ಲವಲ್ಲ, ‘ಯು’ ಸರ್ಟಿಫಿಕೇಟಿನ ಚಿಂತೆ ಇರಲಿಲ್ಲ. ಆದರೆ ಎದುರಿಗೆ ಅಜ್ಜಿ ಕೂತಿದ್ದರು. ಡಬಲ್ ಮೀನಿಂಗ್ ಬಂದ ಕೂಡಲೇ ನಾನೇ ಸುಮ್ನೆ ಪುಟ ತಿರುಗಿಸಿದೆ. ಕಿವಿ ಮಂದದ ಜೋಕಿಗೆ ಒಬ್ಬರೂ ನಗಲಿಲ್ಲ. ಅಮ್ಮ ಅಕ್ಕಿರೊಟ್ಟಿ ತಟ್ಟೋದು ನಿಲ್ಲಿಸಿ, “ನಿಮ್ಮಪ್ಪನಿಗೆ ಎಲ್ಲ ಕೇಳಿಸ್ತದೆ ಮಗಾ, ನಾನು ಹೇಳಿದ್ದು ಮಾತ್ರ ಕೇಳಿಸಲ್ಲ” ಅಂದಳು. ಎಲ್ಲರೂ ನಕ್ಕರು. “ಏನಂದೆ?” ಅಂತ ಅಪ್ಪ ಕೇಳಿದರು. ಇನ್ನೂ ಜಾಸ್ತಿ ನಕ್ಕರು. ನನ್ನ ಹದಿನೆಂಟು ಪುಟ ಅಲ್ಲೇ ಒಲೆಗೆ ಹೋಯಿತು.

ಹೊಸದರಲ್ಲಿ ಡೈಲಾಗ್ ಬರೆಯಲೇ ಇಲ್ಲ. ಇಬ್ಬರಿಗೂ ಬೇರೆ ಬೇರೆ ಹೇಳಿಕೊಟ್ಟೆ. “ಟಾರ್ಪಾಲು ತರಿಸದೆ ಬಿಡಬೇಡ” ಅಂತ ಅಮ್ಮನಿಗೆ, “ನಾಲ್ಕು ಗಂಟೆ ತನಕ ಜಾಗ ಬಿಟ್ಟು ಏಳಬೇಡಿ” ಅಂತ ಅಪ್ಪನಿಗೆ. ಸಾಕಾಯ್ತು. ಮೂವತ್ತು ವರ್ಷದಿಂದ ರಿಹರ್ಸಲ್ ಆಗಿರೋ ಜಗಳ ಅಲ್ವಾ! ಆದರೆ ‘ಆಕ್ಷನ್’ ಅಂದ ತಕ್ಷಣ ಅಮ್ಮ ಮದುವೆ ವಿಡಿಯೋದಲ್ಲಿ ನಿಂತ ಹಾಗೆ ನೆಟ್ಟಗಾಗ್ತಿದ್ದಳು. ಹಾಗಾಗಿ ಅದನ್ನು ಹೇಳೋದೇ ಬಿಟ್ಟೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ದೂರದಲ್ಲಿ ರೆಕಾರ್ಡಿಂಗಿಗೆ ಇಟ್ಟು ನಾನು ಕಾಫಿ ಕೆದಕುತ್ತಾ ಇದ್ದೆ. ಸೀರೆ ವಿಷಯದಲ್ಲಿ ಮಾತ್ರ ಸೋತೆ. ಊಟಕ್ಕೆ ಬಿಟ್ಟಾಗ ಅಮ್ಮ ಸೀರೆ ಬದಲಾಯಿಸಿದ್ದಳು. ಎರಡು ದೃಶ್ಯ ಮತ್ತೆ ತೆಗೆಯಬೇಕಾಯಿತು.

ಧ್ವನಿಗೆ ಅಪ್ಪನ ಫೋನನ್ನೇ ಅವರ ಜೇಬಿಗೆ ಹಾಕಿ ರೆಕಾರ್ಡರ್ ಆನ್ ಮಾಡಿದೆ. ಶುರುವಿಗೆ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕೋದು ಸುಲಭ. ಏರೋಪ್ಲೇನ್ ಮೋಡಿಗೆ ಹಾಕೋದು ಮರೆತಿದ್ದೆ. ಒಳ್ಳೆ ಶಾಟಿನ ಮಧ್ಯೆ ಯಾರದೋ ಫೋನ್ ಬಂತು, ಅಪ್ಪ ಕಾಫಿ ರೇಟು ಮಾತಾಡೋಕೆ ಕೂತರು. ರೆಕಾರ್ಡಿಂಗ್ ನಿಂತುಹೋಯಿತು. ಅಡುಗೆಮನೆ ಬಲ್ಬಿನ ಬೆಳಕಲ್ಲಿ ಚಿತ್ರದ ಮೇಲೆ ಪಟ್ಟೆಗಳು ಓಡ್ತಿದ್ದವು. ನಮ್ಮ ಕರೆಂಟು 50 ಹರ್ಟ್ಜ್, ಬಲ್ಬು ಅದಕ್ಕೆ ತಕ್ಕ ಹಾಗೆ ಕಣ್ಣಿಗೆ ಕಾಣದಂತೆ ಮಿನುಗ್ತದೆ. ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಟ್ಟ ಮೇಲೆ ಸರಿಹೋಯಿತು.

ನಿಜವಾದ ಕಷ್ಟ ಮಳೆಯದು. ಜೂನಿನಲ್ಲಿ ಬೇಡ ಅಂದರೂ ಸುರಿಯೋ ಮಳೆ, ಫೆಬ್ರವರಿಯಲ್ಲಿ ಬೇಕು ಅಂದರೆ ಎಲ್ಲಿಂದ ತರೋದು? ಪಕ್ಕದ ತೋಟದವರು ರೊಬಸ್ಟಾ ಕಾಫಿಯ ಹೂ ಅರಳಿಸೋಕೆ ಸ್ಪ್ರಿಂಕ್ಲರ್ ಜೋಡಿಸಿದ್ದರು. ಕಾಡಿ ಬೇಡಿ ಅದರ ನೀರು ಚಿಮ್ಮಿಸೋ ಒಂದು ಜೆಟ್ಟನ್ನು ನಮ್ಮ ಕಣದ ಪಕ್ಕಕ್ಕೆ ಹಾಕಿಸಿಕೊಂಡೆ. ಅಪ್ಪ ಅಡ್ಡ ನಿಂತರು. “ಕಾಫಿ ಒದ್ದೆ ಆದ್ರೆ ನಿನ್ನ ಸಿನಿಮಾ ಕೊಡ್ತದಾ ದುಡ್ಡು?” ಸರಿ, ಒಣಗಿದ ಕಾಫಿಯನ್ನೆಲ್ಲ ಒಳಗೆ ಸೇರಿಸಿ ಕಣಕ್ಕೆ ಹಳೇ ಕಾಫಿ ಸಿಪ್ಪೆ ಹರವಿದೆವು.

ಜೆಟ್ಟು ಸುತ್ತುತ್ತದಲ್ಲ, ಅದರ ಮಳೆ ಬಂದು ಹೋಗಿ ಬಂದು ಹೋಗಿ ಆಗ್ತದೆ. ನೀರು ಈ ಕಡೆ ತಿರುಗೋ ಹೊತ್ತಿಗೆ ಸರಿಯಾಗಿ ಅಪ್ಪ “ಮಳೆ ಎಲ್ಲಿದೆ?” ಅನ್ನಬೇಕು. ಆರು ಸಲ ನೆನೆದರು. ಮೊದಲ ದಿನ ಬಿಸಿಲನ್ನು ನನ್ನ ಬೆನ್ನಿಗೆ ಇಟ್ಟುಕೊಂಡು ತೆಗೆದೆ. ಒಂದು ಹನಿಯೂ ಕಾಣಲಿಲ್ಲ, ಅಪ್ಪ ಸುಮ್ಮಸುಮ್ಮನೆ ಒದ್ದೆಯಾದ ಹಾಗಿತ್ತು. ಮಾರನೇ ದಿನ ಸಂಜೆ ಇಳಿಬಿಸಿಲು ಎದುರಿಗೆ ಬರೋ ಹಾಗೆ ನಿಂತೆ. ಪ್ರತಿ ಹನಿಯೂ ಹೊಳೆಯಿತು. ನೆನೆಯುತ್ತಲೇ ಅಪ್ಪ ಫೋನು ನೋಡಿ, “ಇದರಲ್ಲಿ ಇನ್ನೂ ಬಿಸಿಲೇ ಇದೆಯಲ್ಲೇ” ಅಂದರು. ನಾನು ಹೇಳಿಕೊಟ್ಟದ್ದಲ್ಲ. ಅಮ್ಮ ಏನೂ ಹೇಳಲಿಲ್ಲ. ಟಾರ್ಪಾಲನ್ನು ಕಾಫಿಗೆ ಹಾಕೋದು ಬಿಟ್ಟು ತನ್ನ ತಲೆ ಮೇಲೆ ಎಳೆದುಕೊಂಡಳು.

ಯುಗಾದಿಗೆ ನೆಂಟರೆಲ್ಲ ಬಂದಿದ್ದರು. ಅದೇ ಕಣದಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು ತೋರಿಸಿದೆ. ಆವತ್ತು ಒಂದು ತಪ್ಪು ಗೊತ್ತಾಯಿತು. ಒಂದು ಮಾತಿಗೆ ಜನ ನಗೋವಾಗ ಮುಂದಿನ ಮಾತು ಮುಳುಗಿ ಹೋಗ್ತಿತ್ತು. ಆಮೇಲೆ ಎಡಿಟಿಂಗಿನಲ್ಲಿ ಅಂಥ ಕಡೆಯೆಲ್ಲ ಅಮ್ಮನ ಸಿಟ್ಟಿನ ಮುಖವನ್ನು ಎರಡೆರಡು ಸೆಕೆಂಡ್ ಜಾಸ್ತಿ ಇಟ್ಟೆ. ಅದಕ್ಕೇ ಈಗ ಬೇರೆ ನಗು ಬರ್ತದೆ.

ಅಜ್ಜಿ ಎರಡನೇ ಸಲ ಹಾಕಿಸಿಕೊಂಡು ನೋಡಿದರು. ಎಲ್ಲರೂ ಎದ್ದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಎಲ್ಲ ಸರಿ ಇದೆ. ಆದ್ರೆ ಆ ಸಿಪ್ಪೆ ನೋಡಿ ನಮ್ಮ ಕಾಫಿನೇ ಹಾಗೆ ಅಂದ್ಕೊಳ್ತಾರೆ ಜನ. ಮುಂದಿನ ವರ್ಷ ಒಳ್ಳೆ ಕಾಫಿ ಹಾಕಿ ಅದೊಂದು ಮತ್ತೆ ತೆಗಿ.”