ಡೌನ್ ಆದ ನೋಡ್‌ನಿಂದ ಜಾಬ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಹಲವು ಯಂತ್ರಗಳಿಗೆ ಕೆಲಸ ಹಂಚುವ ಸ್ಲರ್ಮ್ ಎಂಬ ತಂತ್ರಾಂಶ ಒಂದು ನೋಡ್ (ಯಂತ್ರ) ಡೌನ್ ಎಂದು ಹೇಳಿದರೆ ಎಲ್ಲರೂ ಕೊಡುವ ಸಲಹೆ ಒಂದೇ: ಅದರಲ್ಲಿದ್ದ ಜಾಬ್ (ಕೆಲಸ) ಕ್ಯಾನ್ಸಲ್ ಮಾಡಿ, ಮೊದಲಿನಿಂದ ಓಡಿಸಿ. ಅಡಿಕೆ ತೋಟದ 1,400 ಡ್ರೋನ್ ಫೋಟೊ ಸೇರಿಸಿ ಒಂದು ನಕ್ಷೆ ಮಾಡಲು ನಮ್ಮ ಯಂತ್ರಗಳಿಗೆ ಸುಮಾರು 31 ಗಂಟೆ ಬೇಕು. ಈ ನಕ್ಷೆ ಮಾಡುವ ಓಪನ್‌ಡ್ರೋನ್‌ಮ್ಯಾಪ್ ಎಂಬ ಪ್ರೋಗ್ರಾಂನ ನಡುವೆ ನಿಂತ ಕೆಲಸವನ್ನು ಎತ್ತಿ ಬೇರೆ ಯಂತ್ರದಲ್ಲಿ ಮುಂದುವರಿಸಲು ಆಗುವುದೇ ಇಲ್ಲ ಎಂದು ಶಿವಮೊಗ್ಗದಲ್ಲಿ ಇದೇ ಕಸುಬಿನವರು ನನ್ನೊಡನೆ ವಾದಿಸಿದ್ದರು. ಆಗುತ್ತದೆ. ಎರಡು ಗುಡುಗಿನ ಕಾಲದಲ್ಲಿ ನಾಲ್ಕು ಸಲ ಮಾಡಿದ್ದೇನೆ, ಕಲಿಯುವಾಗ ಸೋತ ಎರಡು ಸಲ ಬಿಟ್ಟರೆ ಈ ನಾಲ್ಕೂ ಸಲ ನಕ್ಷೆ ಪೂರ್ತಿ ಬಂದಿದೆ.

ಯಂತ್ರಗಳು ಮೂರು, ಸೆಕೆಂಡ್‌ಹ್ಯಾಂಡ್ ಝಿಯಾನ್ ವರ್ಕ್‌ಸ್ಟೇಷನ್, ತಲಾ 64 ಜಿಬಿ ರ‍್ಯಾಮ್. ಒಂದೊಂದಕ್ಕೆ 45 ಸಾವಿರದ ಆಸುಪಾಸು ಬಿದ್ದಿತ್ತು. ಹೊಸನಗರ, ತೀರ್ಥಹಳ್ಳಿ ಕಡೆಯ ಎಲೆಚುಕ್ಕೆ ರೋಗ ಬಿದ್ದ ತೋಟಗಳ ಫೋಟೊಗಳು ಇಲ್ಲಿಗೆ ಬರುತ್ತವೆ. ಪ್ರಾಜೆಕ್ಟ್ ಫೋಲ್ಡರ್ ಆಯಾ ಯಂತ್ರದ ಎಸ್‌ಎಸ್‌ಡಿಯಲ್ಲೇ ಇರುತ್ತದೆ. ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಎಲ್ಲ ಯಂತ್ರಕ್ಕೂ ಸಿಗುವ ಡಿಸ್ಕ್) ಮೇಲೆ ಇಟ್ಟು ನೋಡಿದ್ದೆ. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಕೈಬಿಟ್ಟೆ.

ಮೊದಲು ತಿಳಿಯಬೇಕಾದ್ದು, ಡೌನ್ ಎಂದರೆ ಯಂತ್ರ ಸತ್ತಿದೆ ಎಂದಲ್ಲ. ಜಾಬ್ ಹಂಚುವ ಸ್ಲರ್ಮ್‌ನ ಕಂಟ್ರೋಲರ್‌ಗೆ 300 ಸೆಕೆಂಡು ಉತ್ತರ ಸಿಗದಿದ್ದರೆ ಅದು ಡೌನ್ ಎಂದು ಬರೆದುಕೊಳ್ಳುತ್ತದೆ, ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕುತ್ತದೆ. ನಮ್ಮಲ್ಲಿ ಹೆಚ್ಚಿನ ಸಲ ಸತ್ತಿದ್ದು ಸ್ವಿಚ್‌ನ ಪೋರ್ಟ್. ಸಿಡಿಲು ದೂರದಲ್ಲೆಲ್ಲೋ ಬಡಿದರೂ ಲ್ಯಾನ್ ಕೇಬಲ್‌ನಲ್ಲಿ ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ಬಂದು ಪೋರ್ಟ್ ಸುಡುತ್ತದೆ. ವರ್ಕ್‌ಸ್ಟೇಷನ್ ಮಾತ್ರ ಯುಪಿಎಸ್ ಮೇಲೆ ತನ್ನ ಪಾಡಿಗೆ ಲೆಕ್ಕ ಮಾಡುತ್ತಲೇ ಇರುತ್ತದೆ.

ಇದು ಗೊತ್ತಿಲ್ಲದೆ ಮೊದಲ ಸಲ ಕೆಲಸ ಕಳೆದುಕೊಂಡೆ. ಪೋರ್ಟ್ ಬದಲಿಸಿ ಕೇಬಲ್ ಚುಚ್ಚಿದ ಕೂಡಲೇ ನೋಡ್‌ನಲ್ಲಿರುವ ಸ್ಲರ್ಮ್‌ನ ಸೇವೆ ಸ್ಲರ್ಮ್‌ಡಿ ಕಂಟ್ರೋಲರ್‌ಗೆ ವರದಿ ಕೊಟ್ಟಿತು: ನನ್ನಲ್ಲಿ ಈ ಜಾಬ್ ಓಡುತ್ತಿದೆ. ಕಂಟ್ರೋಲರ್ ಅಷ್ಟರಲ್ಲಿ ಆ ಜಾಬನ್ನು ಮತ್ತೆ ಸರತಿಗೆ ಹಾಕಿತ್ತು. ನೋಡ್‌ನಲ್ಲಿ ಓಡುತ್ತಿದ್ದುದನ್ನು ವಾರಸುದಾರರಿಲ್ಲದ ಜಾಬ್ ಎಂದು ಕೊಂದುಹಾಕಿತು. 22 ಗಂಟೆಯ ಕೆಲಸ ಅರೆಕ್ಷಣದಲ್ಲಿ ಹೋಯಿತು. ಅದೇ ಹೊತ್ತಿಗೆ ಎರಡನೇ ಯಂತ್ರದಲ್ಲಿ ಅದೇ ಜಾಬ್ ಸೊನ್ನೆಯಿಂದ ಶುರುವಾಗಿತ್ತು.

ಈಗ ಮಾಡುವ ಕ್ರಮ ಹೀಗೆ. ಕೇಬಲ್ ಮುಟ್ಟುವುದಿಲ್ಲ. ಮೊದಲು ಕಂಟ್ರೋಲರ್‌ನಲ್ಲಿ ಆ ಜಾಬನ್ನು ಹೋಲ್ಡ್ ಮಾಡುತ್ತೇನೆ. ಬೇರೆ ನೋಡ್‌ನಲ್ಲಿ ಆಗಲೇ ಶುರುವಾಗಿದ್ದರೆ ರೀಕ್ಯೂಹೋಲ್ಡ್, ಅಂದರೆ ಸರತಿಗೆ ಮರಳಿಸಿ ಅಲ್ಲೇ ತಡೆಹಿಡಿಯುವುದು. ಆಮೇಲೆ ಕಾಣೆಯಾದ ಯಂತ್ರಕ್ಕೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿ ಒಳಗೆ ನೋಡುತ್ತೇನೆ. ಓಡುತ್ತಿದ್ದರೆ ಸಿಸ್ಟಂಸಿಟಿಎಲ್ ಆಜ್ಞೆಯಿಂದ ಸ್ಲರ್ಮ್‌ಡಿ ಒಂದನ್ನೇ ನಿಲ್ಲಿಸುತ್ತೇನೆ. ಸ್ಲರ್ಮ್‌ಡಿ ನಿಂತರೆ ಜಾಬ್ ಸಾಯುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಆದರೆ ಜಾಬನ್ನು ಹಿಡಿದಿರುವುದು ಸ್ಲರ್ಮ್‌ಸ್ಟೆಪ್‌ಡಿ ಎಂಬ ಬೇರೆ ಪ್ರೋಸೆಸ್. ಸ್ಲರ್ಮ್‌ಡಿಯ ಸರ್ವಿಸ್ ಫೈಲ್‌ನಲ್ಲಿ ‘ಕಿಲ್‌ಮೋಡ್ ಪ್ರೋಸೆಸ್’ ಎಂದಿದ್ದರೆ ಅದಕ್ಕೆ ಏನೂ ಆಗದು. ನಿಲ್ಲಿಸುವ ಮುಂಚೆ ಆ ಒಂದು ಸಾಲನ್ನು ಕಣ್ಣಾರೆ ನೋಡಿಕೊಳ್ಳಿ. ನಂತರ ಕೆಲಸ ತಾನಾಗಿ ಮುಗಿಯಲಿ. ಆರ್ಥೊಫೋಟೊವನ್ನು (ಫೋಟೊ ಸೇರಿಸಿ ಮಾಡಿದ ನಕ್ಷೆ) ಯುಎಸ್‌ಬಿ ಡಿಸ್ಕ್‌ಗೆ ಇಳಿಸಿಕೊಂಡು, ಹೋಲ್ಡ್‌ನಲ್ಲಿರುವ ಜಾಬ್ ಕ್ಯಾನ್ಸಲ್ ಮಾಡಿ, ಆಮೇಲೆ ಕೇಬಲ್ ಚುಚ್ಚಿ ಸ್ಲರ್ಮ್‌ಡಿ ಎಬ್ಬಿಸುವುದು. ಸ್ಲರ್ಮ್‌ನ ಸೆಟ್ಟಿಂಗ್‌ನಲ್ಲಿ ರಿಟರ್ನ್‌ಟುಸರ್ವಿಸ್ 0 ಇದ್ದರೆ ನೋಡನ್ನು ಕೈಯಾರೆ ರೆಸ್ಯೂಮ್ ಮಾಡಬೇಕು.

ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ ಓಡಿಸುವ ಡಾಕರ್ ಬಳಸುವವರಿಗೆ ಇನ್ನೊಂದು ತೊಡಕು. ಕಂಟೇನರ್ ಸ್ಲರ್ಮ್‌ನ ಮಗುವಲ್ಲ, ಹಿನ್ನೆಲೆಯಲ್ಲಿ ಓಡುವ ಡಾಕರ್ ಡೀಮನ್‌ನ ಮಗು. ಸ್ಲರ್ಮ್ ಬಲವಂತವಾಗಿ ಕೊಂದದ್ದು ಡಾಕರ್ ರನ್ ಎಂಬ ಕ್ಲೈಂಟನ್ನು ಮಾತ್ರ. ಒಳಗಿನ ಕೆಲಸ 50 ಜಿಬಿ ರ‍್ಯಾಮ್ ಹಿಡಿದುಕೊಂಡು ಓಡುತ್ತಿರಬಹುದು. ಜಾಬ್ ಹೋಯಿತು ಎಂದು ರೀಬೂಟ್ ಮಾಡುವ ಮುಂಚೆ ಓಡುತ್ತಿರುವ ಕಂಟೇನರ್ ತೋರಿಸುವ ‘ಡಾಕರ್ ಪಿಎಸ್’ ಆಜ್ಞೆ ಹೊಡೆದು ನೋಡಿ. ನಾಲ್ಕರಲ್ಲಿ ಒಂದು ಸಲ ನನಗೆ ಜಾಬ್ ಸಿಕ್ಕಿದ್ದು ಹಾಗೆಯೇ.

ಯಂತ್ರ ನಿಜವಾಗಿಯೇ ಆರಿಹೋಗಿದ್ದರೆ ಕಷ್ಟ ಹೆಚ್ಚು. ಎಸ್‌ಎಸ್‌ಡಿ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿ, ಸೂಡೊ (ರೂಟ್ ಅಧಿಕಾರ) ಕೊಟ್ಟು ಆರ್‌ಸಿಂಕ್‌ನಿಂದ ಫೋಲ್ಡರ್ ನಕಲು ಮಾಡುತ್ತೇನೆ. ಕಂಟೇನರ್ ಬರೆದ ಫೈಲುಗಳ ಒಡೆಯ ರೂಟ್. ಸೂಡೊ ಇಲ್ಲದಿದ್ದರೆ ಕೆಲವು ಫೈಲು ಬಿಟ್ಟುಹೋಗುತ್ತವೆ. 180 ಜಿಬಿ ಫೋಲ್ಡರ್‌ಗೆ ಅರ್ಧ ಗಂಟೆ ಹಿಡಿಯಿತು. ಕಂಟೇನರ್ ಒಳಗಿನ ದಾರಿ ಮೊದಲಿನದೇ ಆಗಿರಬೇಕು, ಏಕೆಂದರೆ ಫೋಟೊಗಳ ಪಟ್ಟಿಯಲ್ಲಿ (ಇಮೇಜ್ ಲಿಸ್ಟ್) ಪೂರ್ಣ ಪಾತ್ ಬರೆದಿರುತ್ತದೆ. ಡಾಕರ್ ಇಮೇಜ್ (ಕಂಟೇನರ್‌ನ ಅಚ್ಚು) ಕೂಡ ಅದೇ ಆವೃತ್ತಿಯದು ಬೇಕು. ಲೇಟೆಸ್ಟ್ ಎಂದು ಎಳೆದುಕೊಂಡರೆ ಕೆಟ್ಟಿತು.

ಎರಡನೇ ಸೋಲು ಇಲ್ಲಿ ಆಗಿದ್ದು. ಓಪನ್‌ಎಂವಿಎಸ್ ಎಂಬ ಹಂತದಿಂದ ಮತ್ತೆ ಓಡಿಸಲು ‘ರೀರನ್ ಫ್ರಮ್ ಓಪನ್‌ಎಂವಿಎಸ್’ ಎಂದು ಕೊಟ್ಟರೆ ಅಲ್ಲಿಂದ ಮುಂದುವರಿಯುತ್ತದೆ ಎಂದುಕೊಂಡೆ. ಅದು ಆ ಹಂತದ ಫೋಲ್ಡರನ್ನೇ ಅಳಿಸಿ ಹೊಸದಾಗಿ ಶುರುಮಾಡಿತು. 11 ಗಂಟೆ ಲೆಕ್ಕ ಮಾಡಿದ ಡೆಪ್ತ್‌ಮ್ಯಾಪ್ (ಪ್ರತಿ ಫೋಟೊದ ಆಳದ ಲೆಕ್ಕ) ಹೋಯಿತು. ಯಾವ ರೀರನ್ ಆಯ್ಕೆಯನ್ನೂ ಕೊಡದೆ, ಅದೇ ಪ್ರಾಜೆಕ್ಟ್ ಹೆಸರಿನಲ್ಲಿ, ಅದೇ ಆಯ್ಕೆಗಳೊಂದಿಗೆ ಸುಮ್ಮನೆ ಮತ್ತೆ ಓಡಿಸುವುದೇ ಸರಿ. ಮುಗಿದ ಹಂತ ಬಿಟ್ಟು ಮುಂದೆ ಹೋಗುತ್ತದೆ, ಡಿಸ್ಕ್‌ನಲ್ಲಿರುವ ಡಿಮ್ಯಾಪ್ (ಡೆಪ್ತ್‌ಮ್ಯಾಪ್) ಫೈಲುಗಳನ್ನು ಮತ್ತೆ ಬಳಸಿಕೊಳ್ಳುತ್ತದೆ. ಆಪ್ಟಿಮೈಸ್ ಡಿಸ್ಕ್ ಸ್ಪೇಸ್ ಆಯ್ಕೆ ಹಾಕಿ ಶುರುಮಾಡಿದ ಜಾಬ್‌ಗೆ ಈ ಉಪಾಯ ನಡೆಯದು, ಮಧ್ಯದ ಫೈಲುಗಳನ್ನು ಅದೇ ಅಳಿಸಿರುತ್ತದೆ.

ಆದರೆ ಕರೆಂಟು ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲು ಅರೆಬರೆ ಇರುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಅದು ಎಷ್ಟೋ ಸಲ ಸೊನ್ನೆ ಬೈಟಿನದಾಗಿ ಉಳಿಯುತ್ತದೆ. ಹೆಸರು ಇದ್ದರೆ ಸಾಕು, ಪ್ರೋಗ್ರಾಂ ಕೆಲಸ ಮುಗಿದಿದೆ ಎಂದು ನಂಬಿ ಮುಂದೆ ಹೋಗಿ ಇನ್ನೆಲ್ಲೋ ಮುಗ್ಗರಿಸುತ್ತದೆ. ಫೈಂಡ್ ಆಜ್ಞೆ ಬಳಸಿ ಸೊನ್ನೆ ಬೈಟಿನ ಫೈಲುಗಳನ್ನು ಅಳಿಸುವುದು ಮೊದಲ ಕೆಲಸ. ಆಮೇಲೆ ಗಾತ್ರ ತೀರಾ ಕಡಿಮೆ ಇರುವ ಡಿಮ್ಯಾಪ್‌ಗಳು. ಎಷ್ಟಕ್ಕಿಂತ ಕಡಿಮೆ ಎಂಬ ಮಿತಿಯನ್ನು ತಿಂಗಳುಗಟ್ಟಲೆ ಹೊಂದಿಸಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ; ನಿಮ್ಮ ಕ್ಯಾಮೆರಾಗೆ ನೀವೇ ಕಂಡುಕೊಳ್ಳಬೇಕು. ಫೀಚರ್ (ಫೋಟೊಗಳನ್ನು ಹೊಂದಿಸಲು ಬೇಕಾದ ಗುರುತಿನ ಬಿಂದು) ಹುಡುಕುವ ಹಂತದಲ್ಲೇ ನಿಂತಿದ್ದರೆ ಬೇರೆ ದಾರಿ: ನಮ್ಮ ಆವೃತ್ತಿಯಲ್ಲಿ ಫೀಚರ್ಸ್ ಫೋಲ್ಡರ್ ಇದ್ದರೆ ಆ ಹಂತ ಮುಗಿದಿದೆ ಎಂದೇ ಲೆಕ್ಕ. ಆದ್ದರಿಂದ ಕಂಟೇನರ್ ಒಳಗೆ ಹೋಗಿ ಆ ಹಂತ ಮಾಡುವ ಓಪನ್‌ಎಸ್‌ಎಫ್‌ಎಂ ಪ್ರೋಗ್ರಾಂನ ಡಿಟೆಕ್ಟ್ ಫೀಚರ್ಸ್ ಆಜ್ಞೆಯನ್ನು ಕೈಯಾರೆ ಓಡಿಸುತ್ತೇನೆ. ಆಗಲೇ ಆಗಿರುವ ಫೋಟೊ ಬಿಟ್ಟು ಉಳಿದವನ್ನಷ್ಟೇ ಮಾಡುತ್ತದೆ.

ಕೊನೆಯ ಸಲ 24ನೇ ಗಂಟೆಯಲ್ಲಿ ನಿಂತಿದ್ದು, ಎತ್ತಿಕೊಂಡ ಮೇಲೆ 8 ಗಂಟೆಯಲ್ಲಿ ಮುಗಿಯಿತು. ಒಂದು ಯಂತ್ರ 350 ವಾಟ್ ಎಳೆಯುತ್ತದೆ, ಆದ್ದರಿಂದ ಉಳಿದ ಕರೆಂಟು ಎಂಟೇ ಯೂನಿಟ್, ಅದು ದೊಡ್ಡದಲ್ಲ. ಉಳಿದದ್ದು ದಿನ. ಬಾಡಿಗೆಯ ಸರ್ವರ್‌ಗೆ ಏರಿಸಿದ್ದರೆ ಗಂಟೆಗೆ 60-70 ರೂಪಾಯಿಯಂತೆ ಎರಡು ಸಾವಿರ, ಜೊತೆಗೆ 11 ಜಿಬಿ ಫೋಟೊ ಅಪ್‌ಲೋಡ್ ಮಾಡುವ ಗೋಳು.

ಸಿಡಿಲಿಗೂ ಏನಾದರೂ ಮಾಡೋಣ ಎಂದು ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಹೊಸದು ಮಾಡಿಸಿದೆ, ನಾಲ್ಕು ಸಾವಿರ ಆಯಿತು. ಜಂಬಿಟ್ಟಿಗೆ ನೆಲ ಏಪ್ರಿಲ್‌ನಲ್ಲಿ ಒಣಗಿ ಅರ್ತಿಂಗ್ ಸಪ್ಪೆಯಾಗುತ್ತದೆ, ಗುಡುಗು ಬರುವುದೂ ಆಗಲೇ. ವಾರಕ್ಕೆರಡು ಕೊಡ ನೀರು ಹಾಕುತ್ತಿದ್ದರೂ ಇನ್ನೊಂದು ಪೋರ್ಟ್ ಹೋಯಿತು. ಕೆಲಸಕ್ಕೆ ಬಂದದ್ದು ಫೈಬರ್: ಹೊರಗಿನ ಲೈನ್ ಒಳಬರುವ ಕಡೆ ಲ್ಯಾನ್ ಸಂಕೇತವನ್ನು ಬೆಳಕಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಜೋಡಿ ಇಟ್ಟು ನಡುವೆ ಹತ್ತು ಮೀಟರ್ ಗಾಜಿನ ಎಳೆ, ಎಲ್ಲ ಸೇರಿ 2,200 ರೂಪಾಯಿ. ಗಾಜಿನಲ್ಲಿ ಸರ್ಜ್ ಹರಿಯುವುದಿಲ್ಲ. ಲೋಹದ ತಂತಿ ಸೇರಿಸಿದ ಫೈಬರ್ ಕೇಬಲ್ ಕೊಡುತ್ತಾರೆ, ಅದನ್ನು ತರಬೇಡಿ. ಈ ಗಾಜಿನ ಎಳೆ ಬಂದ ಮೇಲೆ ಇಲ್ಲಿಯವರೆಗೆ ಒಂದು ಪೋರ್ಟೂ ಸುಟ್ಟಿಲ್ಲ.