ಮೈಕ್ ಹಿಡಿಯದವನನ್ನು ನೋಡಿ: ರೆಸ್ಲಿಂಗ್ ನಟನೆಗೆ ನಾನು ಅಂಕ ಕೊಡುವ ಬಗೆ

ವರ್ಷದ ಕೊನೆಗೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಜಗಳ ಇದ್ದೇ ಇರುತ್ತದೆ. ಆ ವರ್ಷ ಟಿವಿಯ ರೆಸ್ಲಿಂಗ್‌ನಲ್ಲಿ, ಅಂದರೆ ಗೆಲುವು ಸೋಲು ಮೊದಲೇ ನಿರ್ಧಾರವಾಗಿರುವ ಡಬ್ಲ್ಯೂಡಬ್ಲ್ಯೂಇ ಥರದ ಆಟದಲ್ಲಿ, ಯಾರು ಏನನ್ನು ಚೆನ್ನಾಗಿ ಮಾಡಿದರು ಅಂತ ಆರಿಸುವ ಜಗಳ. ಪಂದ್ಯಗಳನ್ನು ಒಬ್ಬ ನೋಡಿಕೊಳ್ಳುತ್ತಾನೆ, ಟ್ಯಾಗ್ ಟೀಮ್‌ಗಳನ್ನು ಇನ್ನೊಬ್ಬ. ನಟನೆಯ ವಿಭಾಗ ಯಾರಿಗೂ ಬೇಡವಾಗಿತ್ತು, ನನ್ನ ತಲೆಗೆ ಬಂತು. ಪಂದ್ಯಕ್ಕಾದರೆ ಸ್ಟಾರ್ ಕೊಡುವ ರೂಢಿ ಇದೆ. ರೆಸ್ಲಿಂಗ್ ಪತ್ರಕರ್ತ ಡೇವ್ ಮೆಲ್ಟ್ಜರ್ ಅವರ ಸ್ಟಾರ್ ಲೆಕ್ಕ ಗೊತ್ತಿಲ್ಲದ ರೆಸ್ಲಿಂಗ್ ಅಭಿಮಾನಿ ಸಿಗುವುದು ಕಷ್ಟ. ಅವರ ಪತ್ರಿಕೆಯ ವಾರ್ಷಿಕ ಪ್ರಶಸ್ತಿಗಳಲ್ಲಿ ಮಾತಿಗೂ ಒಂದು ಪ್ರಶಸ್ತಿ ಇದೆ, ಗಿಮಿಕ್‌ಗೂ, ಅಂದರೆ ರೆಸ್ಲರ್ ತೊಡುವ ಪಾತ್ರಕ್ಕೂ, ಇದೆ. ನಟನೆಗೆ ಮಾತ್ರ ಯಾರೂ ಅಳತೆಗೋಲು ಮಾಡಿಟ್ಟಿಲ್ಲ. ಹಾಗಾಗಿ ನಾನೇ ಒಂದು ಮಾಡಿಕೊಂಡೆ.

ಹತ್ತು ಅಂಕ. ಅದರಲ್ಲಿ ಐದು ಮೈಗೆ, ಮೂರು ಕೇಳಿಸಿಕೊಳ್ಳುವುದಕ್ಕೆ, ಎರಡೇ ಎರಡು ಮಾತಿಗೆ.

ಮಾತಿಗೆ ಎರಡೇ ಅಂಕವಾ ಅಂತ ಗೆಳೆಯರು ಇವತ್ತಿಗೂ ಗೊಣಗುತ್ತಾರೆ. ರೆಸ್ಲಿಂಗ್‌ನಲ್ಲಿ ಅರ್ಧ ಆಟ ಪ್ರೋಮೊ, ಅಂದರೆ ಮೈಕ್ ಹಿಡಿದು ಮಾತಾಡುವುದು, ಅಲ್ವಾ ಅನ್ನುತ್ತಾರೆ. ಹೌದು. ಆದರೆ ಮಾತಾಡುವವನ ಕೈಯಲ್ಲಿ ಮೈಕ್ ಇರುತ್ತದೆ, ಬಾಯಲ್ಲಿ ಸಾಲು ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಆ ಸಾಲನ್ನು ಬರೆದುಕೊಡುವವರೂ ಇರುತ್ತಾರೆ. ಎದುರಿಗೆ ನಿಂತು ಕೇಳುವವನಿಗೆ ಏನೂ ಇಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವುದರಿಂದ ಹಿಡಿದು ಎಲ್ಲವನ್ನೂ ಅವನೇ ಹುಡುಕಿಕೊಳ್ಳಬೇಕು. ಎಷ್ಟೋ ಜನ ಅಲ್ಲಿ ಸುಮ್ನೆ ನಿಂತುಬಿಡುತ್ತಾರೆ, ತಮ್ಮ ಸರದಿ ಬರಲಿ ಅಂತ. ಅದು ಮುಖದಲ್ಲೇ ಗೊತ್ತಾಗುತ್ತದೆ. ಎದುರಿನವನು ಬೈಯುತ್ತಿದ್ದರೂ ಇವನ ಕಣ್ಣು ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಿರುತ್ತದೆ.

ಕೇಳಿಸಿಕೊಳ್ಳುವುದು ಅಂದರೆ ಏನು ಅಂತ ಹೊಸಬರು ಕೇಳಿದರೆ ನಾನು ತೋರಿಸುವುದು ಪಾಲ್ ಹೇಮನ್‌ನನ್ನು. ಅವನು ಚಾಂಪಿಯನ್ ರೋಮನ್ ರೇನ್ಸ್‌ನ ಮ್ಯಾನೇಜರ್ ಆಗಿದ್ದ ದಿನಗಳ ವಿಡಿಯೋ ಹಾಕಿ, ರೋಮನ್ ಮಾತಾಡುವಾಗ ಬೆನ್ನ ಹಿಂದೆ ಬೆಲ್ಟ್ ಹಿಡಿದು ನಿಂತಿರುತ್ತಿದ್ದ ಹೇಮನ್‌ನ ಮುಖವನ್ನಷ್ಟೇ ನೋಡಿ. ರೋಮನ್‌ಗೆ ಈಗ ಕೋಪ ಬಂದಿದೆಯಾ, ಬರುವುದರಲ್ಲಿದೆಯಾ, ಬಂದರೆ ಯಾರ ಮೇಲೆ ಅನ್ನುವುದು ನಮಗೆ ಮೊದಲು ಗೊತ್ತಾಗುವುದು ಆ ಮುಖದಿಂದ. ರೋಮನ್ ಅಷ್ಟು ಭಯಂಕರವಾಗಿ ಕಾಣುವುದರಲ್ಲಿ ಅರ್ಧ ಪಾಲು ಹೇಮನ್‌ದು. ಹೆದರುವವನು ಸರಿಯಾಗಿ ಹೆದರಿದರೆ ಹೆದರಿಸುವವನು ಕೈ ಎತ್ತಬೇಕಾಗಿಲ್ಲ.

ಇದೇ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವ ದೃಶ್ಯ 2023ರ ಜನವರಿ 28ರ ರಾಯಲ್ ರಂಬಲ್ ಅನ್ನುವ ಡಬ್ಲ್ಯೂಡಬ್ಲ್ಯೂಇ ವಾರ್ಷಿಕ ಶೋನ ಕೊನೆ. ಸ್ಯಾನ್ ಆಂಟೋನಿಯೋದಲ್ಲಿ ನಡೆದದ್ದು. ರೋಮನ್ ಆಗಲೇ ಕೆವಿನ್ ಓವೆನ್ಸ್‌ನನ್ನು ಸೋಲಿಸಿದ್ದಾನೆ. ಓವೆನ್ಸ್‌ನ ಕೈಗಳನ್ನು ಹಗ್ಗಕ್ಕೆ ಕೋಳ ಹಾಕಿ ಬಿಗಿದಿದ್ದಾರೆ. ಸ್ಯಾಮಿ ಝೇನ್ ಓವೆನ್ಸ್‌ನ ಹಳೆಯ ಗೆಳೆಯ, ಆದರೆ ತಿಂಗಳುಗಳಿಂದ ರೋಮನ್‌ನ ಮನೆಯವರ ಜೊತೆ ಒಬ್ಬನಾಗಲು ಒದ್ದಾಡುತ್ತಿರುವವನು. ಇನ್ನು ಹೊಡೆಯುವುದು ಬೇಡ ಅಂತ ಅವನು ರೋಮನ್‌ನನ್ನು ತಡೆಯುತ್ತಾನೆ. ಹಾಗಾದರೆ ನೀನೇ ಹೊಡಿ ಅಂತ ರೋಮನ್ ಕುರ್ಚಿಯನ್ನು ಅವನ ಕೈಗೆ ಕೊಡುತ್ತಾನೆ. ಸ್ಯಾಮಿ ಕುರ್ಚಿ ಹಿಡಿದು ನಿಲ್ಲುತ್ತಾನೆ. ಓವೆನ್ಸ್‌ನನ್ನು ನೋಡುತ್ತಾನೆ. ರೋಮನ್ ಬೈಯುತ್ತಾನೆ, ಬೈದು ಬೆನ್ನು ತಿರುಗಿಸುತ್ತಾನೆ. ಕುರ್ಚಿ ಆ ಬೆನ್ನ ಮೇಲೆ ಬೀಳುತ್ತದೆ.

ಎಲ್ಲರೂ ಸ್ಯಾಮಿಯನ್ನು ಹೊಗಳುತ್ತಾರೆ, ಹೊಗಳಲೇಬೇಕು. ಏಟು ಬೀಳುವ ಮೊದಲು ಅವನ ಮುಖದಲ್ಲಿ ನಿರ್ಧಾರ ಒಂದೇ ಸಲಕ್ಕೆ ಬರುವುದಿಲ್ಲ, ಬಂದು ಹೋಗಿ ಮತ್ತೆ ಬರುತ್ತದೆ. ಆದರೆ ಆ ರಾತ್ರಿಯ ನನ್ನ ಹೆಚ್ಚು ಅಂಕ ರೋಮನ್‌ನ ಮನೆಯವರಲ್ಲೇ ಒಬ್ಬನಾದ ಜೇ ಊಸೋಗೆ. ಅವನಿಗೆ ಅಲ್ಲಿ ಒಂದು ಸಾಲೂ ಇಲ್ಲ. ಸ್ಯಾಮಿಯನ್ನು ತಿಂಗಳುಗಟ್ಟಲೆ ನಂಬದೇ ಇದ್ದವನು ಇದೇ ಜೇ. ರಂಬಲ್‌ಗೆ ಕೆಲವೇ ದಿನ ಮೊದಲು ಎಲ್ಲರೆದುರು ಸ್ಯಾಮಿಯ ಪರ ನಿಂತು ವಾದ ಮಾಡಿದವನೂ ಇವನೇ. ಈಗ ಅವನ ಅವಳಿ ಜಿಮ್ಮಿ, ತಮ್ಮ ಸೋಲೋ ಇಬ್ಬರೂ ಸ್ಯಾಮಿಯ ಮೇಲೆ ಬೀಳುತ್ತಾರೆ. ಜೇ ಮಾತ್ರ ಕೈ ಎತ್ತುವುದಿಲ್ಲ. ಸ್ಯಾಮಿಯ ಪರವಾಗಿಯೂ ಬರುವುದಿಲ್ಲ. ರಿಂಗ್ ಇಳಿದು ಹೊರಟುಹೋಗುತ್ತಾನೆ. ಅಲ್ಲಿ ಅತ್ತು ಕರೆದು ಗಮನ ಸೆಳೆಯುವುದು ಬಹಳ ಸುಲಭವಿತ್ತು. ಅವನು ಹಾಗೆ ಮಾಡಲಿಲ್ಲ. ಕಥೆಯ ಮುಂದಿನ ತಿಂಗಳುಗಳೆಲ್ಲ ಆ ಹೊರಟುಹೋದ ನಡಿಗೆಯ ಮೇಲೆಯೇ ನಿಂತಿದ್ದವು.

ನೋಡುವ ಕ್ರಮದ ಬಗ್ಗೆ ಒಂದು ಮಾತು. ಆರಿಸಬೇಕಾದ ದೃಶ್ಯವನ್ನು ನಾನು ಮೊದಲು ಮ್ಯೂಟ್ ಮಾಡಿ ನೋಡುತ್ತೇನೆ. ಕಾಮೆಂಟರಿ ಒಳ್ಳೆಯದೇ, ಆದರೆ ಮೋಸಗಾರ. ಕಾಮೆಂಟೇಟರ್ ಗಂಟಲು ಹರಿದುಕೊಂಡು ಕೂಗಿದರೆ ರಿಂಗ್‌ನಲ್ಲಿ ಏನೂ ಆಗದಿದ್ದರೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಶಬ್ದ ತೆಗೆದಾಗ ಮೈ ಒಂದೇ ಉಳಿಯುತ್ತದೆ.

ಮೈ ಅಂದರೆ ನಾನು ಹೇಳುವುದು ಸಿಕ್ಸ್ ಪ್ಯಾಕ್ ಅಲ್ಲ. ಮಿಕ್ ಫೋಲಿಗೆ ಅದು ಯಾವತ್ತೂ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು ರಿಂಗ್‌ಗೆ ಇಳಿಯುವ 1998ರ ರಾಯಲ್ ರಂಬಲ್ ಪಂದ್ಯದಲ್ಲಿ ಅವನು ಮೂರು ಪಾತ್ರವಾಗಿ ಮೂರು ಸಲ ಬಂದ: ಮೊದಲು ಕ್ಯಾಕ್ಟಸ್ ಜ್ಯಾಕ್, ಆಮೇಲೆ ಮ್ಯಾನ್‌ಕೈಂಡ್, ಕೊನೆಗೆ ಡ್ಯೂಡ್ ಲವ್. ವೇಷ ಬದಲಾಯಿಸುವುದು ದೊಡ್ಡದಲ್ಲ. ಮೂವರ ನಡಿಗೆಯನ್ನು ಶಬ್ದವಿಲ್ಲದೆ ನೋಡಿ. ಜ್ಯಾಕ್ ಹೊಡೆದಾಟಕ್ಕೇ ಹುಟ್ಟಿದವನ ಹಾಗೆ ಬರುತ್ತಾನೆ. ಮ್ಯಾನ್‌ಕೈಂಡ್ ತನ್ನೊಳಗೇ ಮುದುಡಿಕೊಂಡ ಪ್ರಾಣಿ. ಡ್ಯೂಡ್ ಲವ್‌ಗೆ ಜಗತ್ತೇ ತನ್ನನ್ನು ಪ್ರೀತಿಸುತ್ತಿದೆ ಅನ್ನುವ ಭ್ರಮೆ, ಕುಣಿದುಕೊಂಡೇ ಬರುತ್ತಾನೆ. ಒಂದೇ ದೇಹ, ಒಂದೇ ರಾತ್ರಿ. ಐದಕ್ಕೆ ಐದು ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ.

ಮೈಯ ಐದು ಅಂಕದಲ್ಲಿ ದೊಡ್ಡ ಪಾಲು ಸೆಲ್ಲಿಂಗ್‌ಗೆ ಹೋಗುತ್ತದೆ. ಏಟು ತಿಂದವನು ಅದನ್ನು ನಿಜ ಅನ್ನಿಸುವ ಹಾಗೆ ತೋರಿಸುವುದೇ ಸೆಲ್ಲಿಂಗ್. ಬಿದ್ದ ತಕ್ಷಣ ನರಳುವುದು ಎಲ್ಲರಿಗೂ ಬರುತ್ತದೆ. ನಾನು ಕಾಯುವುದು ಐದು ನಿಮಿಷ ಬಿಟ್ಟು. ಕಾಲಿಗೆ ಅಷ್ಟು ಪೆಟ್ಟು ತಿಂದವನು ಈಗ ತಾನೇ ಹೊಡೆಯುವ ಸರದಿ ಬಂದಾಗ ಆ ಕಾಲನ್ನು ಮರೆತನಾ? ಮರೆತು ಓಡಿದರೆ, ಹಗ್ಗದ ಮೇಲಿಂದ ಹಾರಿದರೆ, ಪಟ್ಟು ಎಷ್ಟೇ ಚೆಂದ ಇರಲಿ, ನನ್ನ ಪುಸ್ತಕದಲ್ಲಿ ಅಂಕ ಹೋಯಿತು.

ಈ ವಿಷಯದಲ್ಲಿ ನನ್ನ ಮಾದರಿ ಪಂದ್ಯ ಹಳೆಯದು. 1997ರ ಮಾರ್ಚ್ 23, ವರ್ಷದ ದೊಡ್ಡ ಶೋ ಆದ ರೆಸಲ್‌ಮೇನಿಯಾದ 13ನೇ ಆವೃತ್ತಿ, ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಪಂದ್ಯ ಶುರುವಾದಾಗ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಮುಗಿಯುವ ಹೊತ್ತಿಗೆ ಅದಲು ಬದಲು. ಇದನ್ನು ಯಾರೂ ಮೈಕ್ ಹಿಡಿದು ಹೇಳಲಿಲ್ಲ. ಬ್ರೆಟ್ ಆಸ್ಟಿನ್‌ನ ಕಾಲನ್ನೇ ಹಿಡಿದು ಜಜ್ಜುತ್ತಾನೆ, ಕೊನೆಗೆ ಕಾಲು ತಿರುಚಿ ಸೋಲೊಪ್ಪಿಸುವ ಶಾರ್ಪ್‌ಶೂಟರ್ ಪಟ್ಟು ಹಾಕುತ್ತಾನೆ. ಆಸ್ಟಿನ್‌ನ ಮುಖದ ತುಂಬ ರಕ್ತ, ಹಲ್ಲು ಕಚ್ಚಿ ಕಿರುಚುತ್ತಾನೆ, ಆದರೆ ಸೋತೆ ಅನ್ನುವುದಿಲ್ಲ. ಸೋಲೊಪ್ಪದೆಯೇ ಪ್ರಜ್ಞೆ ತಪ್ಪುತ್ತಾನೆ. ಗಂಟೆ ಬಾರಿಸಿದ ಮೇಲೂ ಬ್ರೆಟ್ ಬಿದ್ದವನ ಕಾಲಿಗೆ ಒದೆಯುತ್ತಾನೆ. ರೆಫರಿ ಆಗಿದ್ದ ಕೆನ್ ಶಾಮ್ರಾಕ್ ಎಳೆದು ಹಾಕಿ ಎದುರು ನಿಂತಾಗ ಮಾತ್ರ ಹಿಂದೆ ಸರಿಯುತ್ತಾನೆ. ಅಲ್ಲೇ ಇರುವುದು ನಟನೆ. ಬಿದ್ದವನ ಮೇಲೆ ಶೌರ್ಯ, ನಿಂತವನ ಮುಂದೆ ಲೆಕ್ಕಾಚಾರ. ಆಮೇಲೆ ಆಸ್ಟಿನ್ ಯಾರ ಸಹಾಯವೂ ಬೇಡ ಅಂತ ಕುಂಟಿಕೊಂಡೇ ಒಳಗೆ ಹೋಗುತ್ತಾನೆ, ಜನ ಅವನ ಹೆಸರು ಕೂಗುತ್ತಾರೆ. ಇಬ್ಬರ ಮೈಯೂ ಸೇರಿ ಕಥೆ ಹೇಳಿತು ಅಂತ ನಾನು ಇಬ್ಬರಿಗೂ ಒಂದೇ ಅಂಕ ಕೊಡುತ್ತೇನೆ. ಗೆಳೆಯರು ಆಸ್ಟಿನ್‌ಗೆ ಜಾಸ್ತಿ ಬೇಕು ಅನ್ನುತ್ತಾರೆ. ಬಿಡಿ, ಮುಖದ ತುಂಬ ರಕ್ತ ಇದ್ದವನಿಗೆ ಯಾವಾಗಲೂ ಓಟು ಜಾಸ್ತಿ.

ಸೆಲ್ಲಿಂಗ್ ಅತಿಯಾದರೆ? ಶಾನ್ ಮೈಕಲ್ಸ್ ಒಬ್ಬನಲ್ಲೇ ಎರಡೂ ತುದಿ ಸಿಗುತ್ತವೆ. 2005ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಹಲ್ಕ್ ಹೋಗನ್ ಮುಟ್ಟಿದರೆ ಸಾಕು, ಮೈಕಲ್ಸ್ ಇಡೀ ರಿಂಗ್ ತುಂಬ ಹಾರಿ ಬೀಳುತ್ತಾನೆ. ನೋಡಲು ಭಲೇ ಮಜಾ, ನಾನೂ ನಗುತ್ತೇನೆ. ಮೈಮೇಲಿನ ಹಿಡಿತವೂ ಅದ್ಭುತ. ಆದರೂ ಅಂಕ ಕಡಿಮೆ, ಯಾಕೆಂದರೆ ಅಲ್ಲಿ ಬೀಳುತ್ತಿರುವುದು ಪಾತ್ರ ಅಲ್ಲ, ಮೈಕಲ್ಸ್. ಅದೇ ಮೈಕಲ್ಸ್ 2008ರ ಮಾರ್ಚ್ 30ರಂದು ರಿಕ್ ಫ್ಲೇರ್ ಎದುರು ನಿಂತಾಗ ಬೇರೆಯೇ ಮನುಷ್ಯ. ಫ್ಲೇರ್‌ಗೆ ಆಗ 59. ಸೋತರೆ ಆಟ ಬಿಡಬೇಕು ಅನ್ನುವ ಷರತ್ತು. ಮುದುಕ ಅಳುತ್ತಾ ಮುಷ್ಟಿ ಎತ್ತಿ ಬಾ ಅನ್ನುತ್ತಾನೆ. ಮೈಕಲ್ಸ್ ಮೂಲೆಯಲ್ಲಿ ತಡೆದು ನಿಲ್ಲುತ್ತಾನೆ. ಕ್ಷಮಿಸು, ನಿನ್ನನ್ನು ಪ್ರೀತಿಸುತ್ತೇನೆ ಅಂತ ತುಟಿಯಲ್ಲೇ ಹೇಳಿ ಒದೆಯುತ್ತಾನೆ. ಆ ಮಾತನ್ನು ಅವನು ಕ್ಯಾಮೆರಾಗೆ ಹೇಳುವುದಿಲ್ಲ, ಫ್ಲೇರ್‌ಗೆ ಹೇಳುತ್ತಾನೆ. ನನಗೆ ಬೇಕಾದ್ದು ಇಷ್ಟೇ.

ಮಾತಿನ ಎರಡು ಅಂಕಕ್ಕೂ ನನ್ನದೊಂದು ಪರೀಕ್ಷೆ ಇದೆ. ಈ ಮಾತನ್ನು ಬೇರೆಯವನ ಬಾಯಿಗೆ ಹಾಕಿ ನೋಡುತ್ತೇನೆ. ಅಲ್ಲೂ ಹಾಗೇ ಕೆಲಸ ಮಾಡಿದರೆ ಅಂಕ ಬರೆದವರಿಗೆ ಹೋಗಬೇಕು. ಜೇಕ್ ರಾಬರ್ಟ್ಸ್ ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸ್. 80ರ ದಶಕದಲ್ಲಿ ಎಲ್ಲರೂ ಮೈಕ್ ಮುಂದೆ ಅರಚುತ್ತಿದ್ದಾಗ ಅವನು ಮೆಲ್ಲಗೆ ಮಾತಾಡುತ್ತಿದ್ದ. ಕಿವಿಗೊಟ್ಟು ಕೇಳುವ ಕೆಲಸ ನಮ್ಮದಾಗುತ್ತಿತ್ತು. ಆ ಸಾಲುಗಳನ್ನು ಇನ್ನೊಬ್ಬ ಕೂಗಿ ಹೇಳಿದರೆ ಸತ್ತುಹೋಗುತ್ತವೆ.

ಪಾತ್ರ ಮುರಿದು ನಕ್ಕರೆ ಅಂಕ ಕಳೆಯಬೇಕಾ ಅನ್ನುವುದು ನಮ್ಮಲ್ಲಿ ಮುಗಿಯದ ವಾದ. 2022ರ ಕೊನೆಯಲ್ಲಿ ಸ್ಯಾಮಿ ‘ಊಸೋ’ವನ್ನೇ ತಿರುಚಿ ‘ಊಸಿ’ ಅಂತ ಒಂದು ಮಾತು ಬಿಟ್ಟು ಜೇಯನ್ನು ನಗಿಸಿಬಿಟ್ಟ. ರೋಮನ್‌ಗೂ ನಗು ತಡೆಯಲಾಗಲಿಲ್ಲ. ನಾನು ಕಳೆಯಲಿಲ್ಲ. ಜೇ ಈ ಸ್ಯಾಮಿಯನ್ನು ಒಪ್ಪಿಕೊಳ್ಳುತ್ತಾನಾ ಇಲ್ಲವಾ ಅನ್ನುವುದೇ ಅಲ್ಲಿನ ಕಥೆ. ನಗು ಆ ಕಥೆಗೆ ಉತ್ತರದ ಹಾಗೆ ಕೂತಿತು. ಅದೇ ನಗು ಯಾರಾದರೂ ಸಾವಿನ ಬೆದರಿಕೆ ಹಾಕುವಾಗ ಬಂದಿದ್ದರೆ ಸೊನ್ನೆ.

ಜನರ ಕೂಗನ್ನು ಅಂಕಕ್ಕೆ ಸೇರಿಸುವುದಿಲ್ಲ, ಆದರೆ ಕೂಗಿಗೆ ನಟ ಏನು ಮಾಡಿದ ಅನ್ನುವುದನ್ನು ಸೇರಿಸುತ್ತೇನೆ. ಸಿನಿಮಾ ನಟನಿಗೆ ರೀಟೇಕ್ ಇದೆ, ಇವರಿಗೆ ನಾಲ್ಕೂ ದಿಕ್ಕಿಗೆ ಜನ. 2018ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬೆಕಿ ಲಿಂಚ್ ಗೆಳತಿ ಶಾರ್ಲಟ್ ಮೇಲೆ ಬಿದ್ದು ಕೆಟ್ಟವಳಾಗಬೇಕಿತ್ತು, ಜನ ಚಪ್ಪಾಳೆ ತಟ್ಟಿದರು. ಬೆಕಿ ಅಲ್ಲಿಂದ ಮುಂದೆ ಆ ಚಪ್ಪಾಳೆಯನ್ನೇ ಸೊಕ್ಕಾಗಿ ಮಾಡಿಕೊಂಡು ಪಾತ್ರ ಕಟ್ಟಿದಳು, ಮರುವರ್ಷ ರೆಸಲ್‌ಮೇನಿಯಾದಲ್ಲಿ ರಾತ್ರಿಯ ಕೊನೆಗಿಡುವ ಮುಖ್ಯ ಪಂದ್ಯ ಆಡಿದಳು. 2015ರ ಅಕ್ಟೋಬರ್‌ನಲ್ಲಿ ಸಾಶಾ ಬ್ಯಾಂಕ್ಸ್ ಮಾಡಿದ್ದು ಇದರ ಉಲ್ಟಾ. ಎದುರಾಳಿ ಬೇಯ್ಲಿಯ (Bayley) ಪುಟ್ಟ ಅಭಿಮಾನಿಯೊಬ್ಬಳು ಮುಂದಿನ ಸಾಲಿನಲ್ಲಿದ್ದಳು. ಸಾಶಾ ಅವಳ ತಲೆಯ ಪಟ್ಟಿಯನ್ನೇ ಕಿತ್ತುಕೊಂಡಳು, ಮಗು ಅತ್ತಾಗ ಅಣಕಿಸಿದಳು. ಮಗುವನ್ನು ಅಳಿಸಬಾರದು ಅಂತ ನಮ್ಮಲ್ಲಿ ಒಬ್ಬ ಆ ಅಂಕಕ್ಕೆ ಸಹಿ ಹಾಕಲಿಲ್ಲ. ಕೆಟ್ಟವಳ ಕೆಲಸ ಕೆಟ್ಟವಳು ಮಾಡಿದಳು ಅನ್ನುವುದು ನನ್ನ ನಿಲುವು.

ನಿಜವಾದ ನೋವಿಗೆ ಮಾತ್ರ ನಾನು ಅಂಕ ಕೊಡುವುದಿಲ್ಲ. 1989ರಲ್ಲೇ ಆಗಿನ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ನ್ಯೂಜೆರ್ಸಿಯ ಶಾಸಕರ ಮುಂದೆ ಇದು ಸ್ಪರ್ಧೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಾಯಿತು. ಹಾಗಾದ ಮೇಲೆ ಮನರಂಜನೆಯ ಲೆಕ್ಕದಲ್ಲೇ ನೋಡೋಣ. 1998ರ ಜೂನ್ 28ರಂದು ಫೋಲಿ ರಿಂಗ್ ಸುತ್ತ ಕಟ್ಟಿದ ಪಂಜರದ ಮೇಲಿಂದ ಟೇಬಲ್ ಮೇಲೆ ಬಿದ್ದದ್ದು ಧೈರ್ಯ, ನಟನೆ ಅಲ್ಲ. ಅದಕ್ಕೂ ಅಂಕ ಕೊಡಲು ಶುರು ಮಾಡಿದರೆ ಮುಂದಿನವನು ಇನ್ನೂ ಎತ್ತರದಿಂದ ಬೀಳಬೇಕಾಗುತ್ತದೆ.

ಇಬ್ಬರ ಅಂಕ ಸಮ ಬಂದಾಗ ಸೋತ ಮೇಲೆ ವಾಪಸ್ ನಡೆದುಹೋಗುವ ಭಾಗವನ್ನು ಹಾಕಿ ನೋಡುತ್ತೇವೆ. ಗಂಟೆ ಹೊಡೆದ ಮೇಲೆ ಕೆಲಸ ಮುಗಿಯಿತು ಅಂತ ಭುಜ ಸಡಿಲ ಬಿಟ್ಟವನು ಅಲ್ಲೇ ಸೋಲುತ್ತಾನೆ. ಗೆದ್ದವನನ್ನೂ ಹಾಗೇ ನೋಡಬೇಕು, ಗೆಲುವನ್ನು ನಟಿಸುವುದು ಇನ್ನೂ ಕಷ್ಟ ಅಂತ ಗೆಳೆಯನೊಬ್ಬ ಹಟ ಹಿಡಿದಿದ್ದ. ಈ ವರ್ಷದಿಂದ ಅದನ್ನೂ ಸೇರಿಸಿದ್ದೇವೆ.